ಲೈಲ್ ಚಿಕ್ಕಪ್ಪನ ಮೇಕೆಗಳು

ಕಾರ್ವರ್ಸ್ ಫೋರ್ಡ್, ಆಲ್ಬರ್ಟಾ
ಜೂನ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿ ಹೇಗಿದೆ? ಸ್ಕೂಲ್ ಬಸ್ಸಿನ ಮೆಟ್ಟಿಲು ಎತ್ತರ, ಹತ್ತಿ ಇಳಿಯುವಾಗ ಚುಳುಕ್ ಎನ್ನುತ್ತದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ಈಗಲೂ ಹಾಗೇ ಇದೆಯೋ ಅಥವಾ ಹೇಳಿದರೆ ಮಗಳು ಬೈಯುತ್ತಾಳೆಂದು ಮುಚ್ಚಿಡುತ್ತಿದ್ದೀಯೋ? ಡಾಕ್ಟರು ಉಪ್ಪು ಕಡಿಮೆ ಮಾಡು ಎಂದಿದ್ದಾರೆ. ನೀನು ಡಬ್ಬಿಯ ಸೂಪು ಬಿಸಿ ಮಾಡಿಕೊಂಡು, ಅದರ ಮೇಲೆ ಮತ್ತೊಂದು ಚಿಟಿಕೆ ಉದುರಿಸಿಕೊಂಡು, ಕಿಟಕಿಯ ಹತ್ತಿರ ನಿಂತೇ ಕುಡಿಯುತ್ತಿರುತ್ತೀಯ ಎಂದು ನನಗೆ ಇಲ್ಲಿಂದಲೇ ಕಾಣುತ್ತದೆ. ಆ ಬಯಲುಸೀಮೆಯ ಕಿಟಕಿಯಲ್ಲಿ ನೋಡುವುದಕ್ಕೆ ಏನಿದೆಯೋ ಪುಣ್ಯಾತ್ಮ. ಗೋಧಿ ಹೊಲ, ಅದರಾಚೆ ಇನ್ನೊಂದು ಗೋಧಿ ಹೊಲ. ಇರಲಿ, ಕೂತುಕೊಂಡು ಓದು. ಇವತ್ತು ನಾನು ಬರೆಯುವುದೂ ಉಪ್ಪಿನ ಸಂಗತಿಯೇ. ಓದಿ ನಿನ್ನ ರಕ್ತದೊತ್ತಡ ಏರಿದರೆ ನನ್ನ ಮೇಲೆ ಹಾಕಬೇಡ.

ಮಂಗಳವಾರ ಬೇಕರಿಗೆ ಲೈಲ್ ಚಿಕ್ಕಪ್ಪ ಬಂದಿದ್ದ. ಎದುರಿಗೆ ನಾನು ಅವನಿಗೆ ಕೊಡಬೇಕಾದ ಮರ್ಯಾದೆ ಕೊಟ್ಟೇ ಮಾತಾಡುತ್ತೇನೆ, ಕಾಗದದಲ್ಲಿ ಕೊಡುವಷ್ಟು ನನ್ನ ಹತ್ತಿರ ಉಳಿದಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು, ಅಜ್ಜಿಯ ಮಣ್ಣಿನ ದಿನ ಹಾಕಿಕೊಂಡಿದ್ದ ಅದೇ ಮುಖ ಹಾಕಿಕೊಂಡು ನಿಂತ. "ಸಿಗ್ಗಿ, ಎಷ್ಟು ದಿನ ಅಂತ ಮುಖ ತಿರುಗಿಸ್ಕೊಂಡು ಓಡಾಡ್ತೀಯ. ಅಮ್ಮ ಹೋದ್ರು. ಉಳಿದಿರೋದು ನಾವು ನಾವೇ ಅಲ್ವಾ" ಎಂದ. ಇಷ್ಟು ಬೆಣ್ಣೆ ಹಚ್ಚಿದ ಮೇಲೆ ರೊಟ್ಟಿ ಹೊರಗೆ ಬಂತು. ದೋಣಿಮನೆಯ ಪರವಾನಗಿ ಈ ವರ್ಷ ಮುಗಿಯುತ್ತದಂತೆ. ಮುಂದಕ್ಕೂ ಅದನ್ನು ಅವನಿಗೇ ಕೊಡಬೇಕೋ ಬೇಡವೋ ಎಂದು ನೋಡುವುದಕ್ಕೆ ರಾಷ್ಟ್ರೀಯ ಉದ್ಯಾನದ ವಾರ್ಡನ್ ಇಮೊಜೆನ್ ಪ್ರಾಟ್ ಶನಿವಾರ ಅವನ ಪ್ರವಾಸದಲ್ಲಿ ಜೊತೆಗೇ ಬರುತ್ತಾಳಂತೆ. "ನೀನು ಪಕ್ಕದಲ್ಲಿ ಕೂತು ನಾಲ್ಕು ಮಾತಾಡಿದ್ರೆ ಸಾಕು ಕಣೆ. ಆರ್ವಿಡ್ ಮಗಳೇ ಜೊತೆಗಿದ್ದಾಳೆ ಅಂದ್ಮೇಲೆ ಹಳೇ ಕಥೆ ಯಾರೂ ಕೆದಕಲ್ಲ." ನಾನು ಆಗ ಹಿಟ್ಟು ನಾದುತ್ತಿದ್ದೆ. ಮುಷ್ಟಿ ಎರಡೂ ಹಿಟ್ಟಿನೊಳಗೇ ಇದ್ದದ್ದು ಅವನ ಪುಣ್ಯ. "ಆಗಲಿ ಚಿಕ್ಕಪ್ಪ, ಬರ್ತೀನಿ. ಊಟದ ಬುಟ್ಟಿನೂ ನಾನೇ ತರ್ತೀನಿ" ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಅವನಿಗೆ ಬೇಕಾದಾಗ ಬರುತ್ತದೆ, ನಿನಗೆ ಗೊತ್ತೇ ಇದೆ.

ನೀನು ಈ ಮಾತು ಎತ್ತಬೇಡ ಎನ್ನುತ್ತೀಯ. ಎತ್ತುತ್ತೇನೆ. ಜನರ ತಿನಿಸಿಗೆ ಒಗ್ಗಿ ಅಪಾಯವಾಯಿತೆಂದು ಹರಕು ಕಿವಿಯ ಆ ಹೆಣ್ಣು ಕರಡಿಯನ್ನು ವಾರ್ಡನ್ನರು ದೋಣಿಮನೆಯ ಹಿಂದೆ ಗುಂಡಿಟ್ಟು ಕೊಂದ ದಿನ ನೀನು ದೋಣಿ ಕಟ್ಟುವ ಜೆಟ್ಟಿಯ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದೆ. ಓಟ್ಸು, ಕಾಕಂಬಿ ಕಲಸಿದ ಬಕೆಟ್ಟು ನಮ್ಮ ಶೆಡ್ಡಿನಲ್ಲಿ ಸಿಕ್ಕಿತು. ಸಿಕ್ಕಿತು ಎಂದರೆ, ಎಲ್ಲಿ ನೋಡಬೇಕೆಂದು ಲೈಲ್ ಚಿಕ್ಕಪ್ಪ ವಾರ್ಡನ್ನರಿಗೆ ಬೆರಳು ಮಾಡಿ ತೋರಿಸಿದ. ಕರಡಿಗೆ ತಿನ್ನಿಸಿ ಅಭ್ಯಾಸ ಮಾಡಿಸಿದವನು ಅವನು, ಪ್ರವಾಸಿಗಳಿಗೆ ದಿನಾ ಕರಡಿ ತೋರಿಸಿ ಹೆಸರು ಮಾಡಿದವನು ಅವನು, ಹೆಸರು ಕೆಟ್ಟಿದ್ದು ನಿನ್ನದು. ದೋಣಿ ಹತ್ತುವ ಮೊದಲು ಎಲ್ಲರಿಗೂ "ಪ್ರಾಣಿಗಳ ಜೊತೆ ನಾನು ಮಾತಾಡಿಕೊಂಡಿಲ್ಲ. ಕಂಡ್ರೆ ನಿಮ್ಮ ಪುಣ್ಯ, ಕಾಣದೇ ಇದ್ರೆ ಅವುಗಳ ಪುಣ್ಯ" ಎಂದು ಹೇಳುತ್ತಿದ್ದ ಮನುಷ್ಯ ನೀನು. ನಿನ್ನನ್ನೇ ಪ್ರವಾಸಿಗಳ ಎದುರು ನಿಲ್ಲಿಸಿ ಬೈದರು, ಪರವಾನಗಿ ಕಿತ್ತುಕೊಂಡರು. ನೀನು ತುಟಿ ಬಿಚ್ಚಲಿಲ್ಲ. ನಾನು ಅತ್ತು ಕರೆದು ಕೇಳಿದಾಗ "ಅಮ್ಮ ಇರೋ ತನಕ ತಮ್ಮನ ಮೇಲೆ ಬೆರಳು ತೋರಿಸಲ್ಲ" ಎಂದೆ. ಸರಿ. ಅಜ್ಜಿ ಫೆಬ್ರವರಿಯಲ್ಲಿ ಹೋದರು. ನೀನು ಬಸ್ಸು ಹಿಡಿದು ಬಂದು ಚರ್ಚಿನ ಹಿಂದಿನ ಬೆಂಚಿನಲ್ಲಿ ಹೊರಗಿನವನ ಹಾಗೆ ಕೂತು, ಅದೇ ಸಂಜೆ ವಾಪಸು ಹೊರಟೆ. ಅವನು ಮುಂದೆ ನಿಂತು ತಾಯಿಯ ಬಗ್ಗೆ ಭಾಷಣ ಮಾಡಿದ. ಬೆರಳು ತೋರಿಸಲ್ಲ ಎಂಬ ಮಾತು ನಿನ್ನದು, ನನ್ನದಲ್ಲ ಎಂದು ನಾನು ಆ ದಿನ ಅಲ್ಲೇ ತೀರ್ಮಾನ ಮಾಡಿದೆ.

ಇನ್ನೊಂದು ಸಂಗತಿ ನೀನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಮೇ ಕೊನೆಯ ವಾರ ನಾನು ಸರೋವರದ ಉತ್ತರ ದಡದ ಕಾಲುದಾರಿಯಲ್ಲಿ ಒಬ್ಬಳೇ ನಡೆದುಕೊಂಡು ಹೋಗಿದ್ದೆ. ಟ್ಯಾಲಿಸ್ ಸರೋವರದ ಆ ತುದಿಯ ಕೊಲ್ಲಿಯಲ್ಲಿ ಬೆಟ್ಟದ ಮೇಕೆಗಳು ದಿನಾ ಒಂದೇ ಹೊತ್ತಿಗೆ ಒಂದೇ ಬಂಡೆಯ ಮೇಲೆ ಕಾಣಿಸುತ್ತವೆ, ಲೈಲ್ ಗಡಿಯಾರ ಇಟ್ಟಂತೆ ತೋರಿಸುತ್ತಾನೆ ಎಂದು ಊರೆಲ್ಲ ಹೊಗಳುತ್ತಿತ್ತು. ನಿನ್ನ ಕಾಲದಲ್ಲಿ ಅವು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಮರಿ ಹಾಕಿದ ತಾಯಂದಿರಿಗೆ ಉಪ್ಪಿನ ಆಸೆ ಹುಟ್ಟಿದಾಗ ಹೊಳೆಯ ಜೇಡಿ ದಿಬ್ಬಕ್ಕೆ, ಅದೂ ಅವಕ್ಕೆ ಮನಸ್ಸು ಬಂದರೆ ಇಳಿಯುತ್ತಿದ್ದವು. ಬಂಡೆ ಹತ್ತಿ ನೋಡಿದೆ. ದನಕ್ಕೆ ಇಡುವ ಕೆಂಪು ಉಪ್ಪು, ಕಾಕಂಬಿ ಬೆರೆಸಿದ್ದು, ಬಿರುಕುಗಳಲ್ಲೆಲ್ಲ ಮೆತ್ತಿಕೊಂಡಿತ್ತು. ನೆಕ್ಕಿ ನೆಕ್ಕಿ ಕಲ್ಲಿನಲ್ಲಿ ಬೋಗುಣಿಯಷ್ಟು ಕುಳಿ ಬಿದ್ದಿತ್ತು. ಅಲ್ಲೇ ಕೂತು ನಕ್ಕೆ ಅಪ್ಪ. ಕರಡಿ ಹೋಯಿತು, ಮೇಕೆ ಬಂತು, ಮನುಷ್ಯ ಮಾತ್ರ ಅವನೇ. ಆಗಲೇ ಹೋಗಿ ದೂರು ಕೊಡಬಹುದಿತ್ತು. ಕೊಟ್ಟಿದ್ದರೆ ಏನಾಗುತ್ತಿತ್ತು? ಅಪ್ಪನ ಸೇಡಿಗೆ ಮಗಳು ಚಾಡಿ ಹೇಳಿದಳು ಎನ್ನುತ್ತಿದ್ದರು, ಅವನು ರಾತ್ರೋರಾತ್ರಿ ಬಂಡೆ ತೊಳೆದು ಸಾಚಾ ಆಗುತ್ತಿದ್ದ. ನಿನ್ನನ್ನು ಜನರ ಎದುರು ನಿಲ್ಲಿಸಿದರು. ಅವನೂ ಜನರ ಎದುರೇ ನಿಲ್ಲಬೇಕಿತ್ತು.

ನಿನ್ನೆ ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ತುಂಬಿಕೊಂಡು ಹೊರಟೆ. ಹ್ಯಾಮಿನ ಸ್ಯಾಂಡ್‌ವಿಚ್ಚು, ಅಜ್ಜಿ ಕಲಿಸಿದ ಲೆಫ್ಸ ರೊಟ್ಟಿ, ರುಬಾರ್ಬ್ ದಂಟಿನ ಪೈ. ನೀನು ಅಡುಗೆಮನೆಯ ಮೊಳೆಗೆ ನೇತುಹಾಕಿ ಮರೆತುಹೋದ ಮಡಚುವ ಚಾಕುವಿನಿಂದಲೇ ಚೀಸು ಕತ್ತರಿಸಿದೆ. ಒರೆಸಿ ಜೇಬಿಗೆ ಹಾಕಿಕೊಂಡೆ, ಬುಟ್ಟಿಯ ಜೊತೆ ಚಾಕು ಇರಬೇಕಲ್ಲ. ವ್ಯಾನಿನಲ್ಲಿ ನಾವು ಆರು ಜನ. ಮುಂದೆ ಲೈಲ್ ಚಿಕ್ಕಪ್ಪ ಮತ್ತು ನಾನು. ಮಧ್ಯದಲ್ಲಿ ಇಮೊಜೆನ್ ಪ್ರಾಟ್, ಸಮವಸ್ತ್ರ ಇಸ್ತ್ರಿ ಮಾಡಿಕೊಂಡು, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು. ಅವಳ ಪಕ್ಕ ಮ್ಯಾನಿಟೋಬಾದ ಓಲ್ಗಾ ಪೆಟ್ರಿಶಿನ್ ಎಂಬ ಮುದುಕಿ, ಕುತ್ತಿಗೆಗೆ ಗಂಡನ ಕಾಲದ ದುರ್ಬೀನು, ಬಾಯಿಗೆ ಬೀಗವೇ ಇಲ್ಲ. ಹಿಂದೆ ಟೊರೊಂಟೊದ ಹೊಸ ಜೋಡಿ, ಕೈಯಲ್ಲಿ ಮಗುವಿನಷ್ಟು ದೊಡ್ಡ ಕ್ಯಾಮೆರಾ. ಹೊರಡುವ ಮೊದಲು ಚಿಕ್ಕಪ್ಪ ಎದ್ದು ನಿಂತು "ನನ್ನ ಗಾಡಿ ಹತ್ತಿದೋರು ಪ್ರಾಣಿ ನೋಡದೆ ಇಳಿದಿದ್ದೇ ಇಲ್ಲ. ಗ್ಯಾರಂಟಿ" ಎಂದ. ಓಲ್ಗಾ ದುರ್ಬೀನು ಒರೆಸುತ್ತಾ "ನನ್ನ ಗಂಡನೂ ಹೀಗೇ ಗ್ಯಾರಂಟಿ ಕೊಡ್ತಿದ್ದ ಕಣಪ್ಪಾ. ಮದುವೆ ಆದ್ಮೇಲೆ ಗೊತ್ತಾಯ್ತು" ಎಂದಳು. ವಾರ್ಡನ್ ಕೂಡ ನಕ್ಕಳು. ನನಗೆ ಆ ಮುದುಕಿ ಆಗಲೇ ಹಿಡಿಸಿದಳು.

ಸುಳ್ಳು ಯಾಕೆ ಹೇಳಲಿ, ದಿನ ಬಹಳ ಚೆನ್ನಾಗಿತ್ತು. ನೀನು ಇದ್ದಿದ್ದರೆ ಎಂದು ಪ್ರತಿ ತಿರುವಿನಲ್ಲೂ ಹೊಟ್ಟೆ ಉರಿಯಿತು. ಹೊಳೆಯ ಮರಳುದಿಣ್ಣೆಯಲ್ಲಿ ತಾಯಿ ಎಲ್ಕ್ ಜಿಂಕೆಗಳು ಮರಿಗಳನ್ನು ಹುಲ್ಲಿನಲ್ಲಿ ಅಡಗಿಸಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ದೂರ ಮೇಯುತ್ತಿದ್ದವು. ಸುಟ್ಟ ಕಾಡಿನ ಏರಿನಲ್ಲಿ ಒಂದು ಕರಿ ಕರಡಿ ರಸ್ತೆ ಪಕ್ಕದ ದಂಡೇಲಿಯನ್ ಹೂಗಳನ್ನು ಒಂದೊಂದಾಗಿ ಕಿತ್ತು ತಿನ್ನುತ್ತಾ ನಮ್ಮ ಕಡೆ ತಲೆಯೆತ್ತಿಯೂ ನೋಡಲಿಲ್ಲ. ನೀನಾಗಿದ್ದರೆ ಗಾಡಿ ನಿಲ್ಲಿಸಿ, ಎರಡು ಮಾತು ಹೇಳಿ, ಹೊರಟುಬಿಡುತ್ತಿದ್ದೆ. ಇವನು ಕಿಟಕಿ ಇಳಿಸಿ ಚಪ್ಪಾಳೆ ತಟ್ಟಿ ಅದರ ಮುಖ ಇತ್ತ ತಿರುಗಿಸುವುದಕ್ಕೆ ಹೋದ. ವಾರ್ಡನ್ ಹಿಂದಿನಿಂದ "ಲೈಲ್" ಎಂದಳು, ಅಷ್ಟೆ. ಕೈ ಒಳಗೆ ಬಂತು. "ಅಭ್ಯಾಸ ಇಮೊಜೆನ್, ಪ್ರಾಣಿ ಕಂಡ್ರೆ ಕೈ ತಡೆಯಲ್ಲ" ಎಂದು ನಕ್ಕ. ಕರಡಿ ಹೂವು ತಿನ್ನುತ್ತಲೇ ಇತ್ತು. ನನಗೆ ಹರಕು ಕಿವಿಯ ನೆನಪಾಯಿತು, ಅವನಿಗೆ ಏನೂ ಆಗಲಿಲ್ಲ. ದಾರಿಯುದ್ದಕ್ಕೂ ದೋಣಿಯ ಕಥೆ ಹೇಳಿದ. ಚಳಿಗಾಲ ಪೂರ್ತಿ ಕೂತು ಬುಡದಿಂದ ಬಿಚ್ಚಿ ಹೊಸದು ಮಾಡಿದ್ದಾನಂತೆ, ಹಲಗೆ ಹಲಗೆ ತೆಗೆದು ಉಜ್ಜಿದ್ದಾನಂತೆ, ಪೆಟ್ಟಿಗೆಗಳನ್ನೆಲ್ಲ ತಾನೇ ಮಾಡಿ ಕೂರಿಸಿದ್ದಾನಂತೆ. ವಾರ್ಡನ್ ಕಡೆ ತಿರುಗಿ ಹೇಳಿದ ಮಾತು ಇದು, ಚೆನ್ನಾಗಿ ಓದಿಕೋ: "ಆರ್ವಿಡ್‌ನ ಕಾಲದ್ದು ಒಂದು ಮೊಳೆ ಕೂಡ ಅದ್ರಲ್ಲಿ ಉಳಿಸಿಲ್ಲ. ಹೆಸರು ಕೆಟ್ಟ ದೋಣಿ ಅಲ್ವಾ, ಬುಡದಿಂದಲೇ ಶುದ್ಧ ಮಾಡಿದೆ." ನಾನು ಪಕ್ಕದಲ್ಲೇ ಕೂತಿದ್ದೆ. ಕಿಟಕಿಯಾಚೆ ನೋಡುತ್ತಾ ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ಅಮ್ಮನ ಹೆಸರು ದೋಣಿಯ ಮೂತಿಯ ಮೇಲೆ ಇಲ್ಲ ಅಪ್ಪ. ‘ಆಸ್ಟ್ರಿಡ್’ ಹೋಗಿ ‘ಪರ್ವತ ರಾಣಿ’ ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದಾನೆ. ಅಲ್ಲಿಯ ತನಕ ಮನಸ್ಸಿನ ಒಂದು ಮೂಲೆಯಲ್ಲಿ, ಹೋಗಲಿ ಬಿಡು ಸಿಗ್ಗಿ, ಎಂದು ನಿನ್ನ ದನಿಯಲ್ಲಿ ಯಾರೋ ಹೇಳುತ್ತಿದ್ದರು. ಆಮೇಲೆ ಹೇಳಲಿಲ್ಲ. ಬುಟ್ಟಿ ಇಡುವುದಕ್ಕೆಂದು ನಾನೇ ಮೊದಲು ದೋಣಿಗೆ ಇಳಿದೆ. ಮುಂಭಾಗದ ಪೆಟ್ಟಿಗೆಯ ಮುಚ್ಚಳ ಎತ್ತಿದೆ, ನೀನು ಹಗ್ಗ ಇಡುತ್ತಿದ್ದ ಜಾಗ. ಲೈಫ್ ಜಾಕೆಟ್ಟುಗಳ ಕೆಳಗೆ ಅದೇ ಕೆಂಪು ಉಪ್ಪಿನ ಚೀಲ ಮೈ ಚಾಚಿ ಮಲಗಿತ್ತು. ಜೆಟ್ಟಿಯ ಮೇಲೆ ಹೊಸ ಜೋಡಿಗೆ ಫೋಟೊ ತೆಗೆದುಕೊಡುತ್ತಿದ್ದ ಚಿಕ್ಕಪ್ಪ ತಿರುಗಿ ನೋಡಿ "ಏ, ಏ, ಅಲ್ಲಿ ಬೇಡ ಸಿಗ್ಗಿ, ಅದ್ರಲ್ಲಿ ಗ್ರೀಸು ಗೀಸು ಇದೆ, ಬುಟ್ಟಿ ಹಿಂದಕ್ಕಿಡು" ಎಂದು ಓಡಿಬಂದ. "ಹೌದಾ ಚಿಕ್ಕಪ್ಪ, ಗೊತ್ತಾಗಲಿಲ್ಲ" ಎಂದು ಮುಚ್ಚಳ ಹಾಕಿ ಹಿಂದಕ್ಕೆ ಹೋಗಿ ಕೂತೆ. ಆ ಚೀಲ ಹೇಗೋ ಒಂದು ಕಡೆ ಹರಿದು, ಉಪ್ಪು ದೋಣಿಯ ತಳಕ್ಕೆ ಸೋರುತ್ತಿತ್ತು. ಇಲಿ ಬಾಯಿ ಹಾಕಿತ್ತೋ ಏನೋ, ದೋಣಿಮನೆಯಲ್ಲಿ ಇಲಿಗಳಿಗೇನು ಕಡಿಮೆ.

ಸರೋವರದ ಬಗ್ಗೆ ಬರೆಯುವುದಿಲ್ಲ, ಬರೆದರೆ ನೀನು ಕಾಗದ ಮಡಚಿಡುತ್ತೀಯ. ಇಷ್ಟು ಮಾತ್ರ, ಹಿಮನದಿಯ ನೀರು ಇಳಿದು ಬಣ್ಣ ಆಗಲೇ ತಿರುಗಿದೆ, ಗಾಳಿ ಇರಲಿಲ್ಲ, ತುದಿಯ ತನಕ ಬೆಟ್ಟಗಳು ತಲೆಕೆಳಗಾಗಿ ನಿಂತಿದ್ದವು. ಲೂನ್ ಹಕ್ಕಿ ಬೆನ್ನ ಮೇಲೆ ಮರಿ ಕೂರಿಸಿಕೊಂಡು ಹೋಗುವುದನ್ನು ಓಲ್ಗಾ ಎಲ್ಲರಿಗಿಂತ ಮೊದಲು ಕಂಡು "ನೋಡಿ ನೋಡಿ, ದುಡ್ಡು ಕೊಡದೆ ಸವಾರಿ ಮಾಡ್ತಿದೆ" ಎಂದಳು. ಕೊಲ್ಲಿಯ ಬಂಡೆ ಬಂತು. ಮೇಕೆಗಳೂ ಇದ್ದವು, ಹೇಳಿ ಕರೆಸಿದ ಹಾಗೆ. ಅರ್ಧ ಉದುರಿದ ಚಳಿಗಾಲದ ಉಣ್ಣೆ ಮೈಮೇಲೆ ಜೋತುಬಿದ್ದ ಮೂರು ತಾಯಂದಿರು, ಅವುಗಳ ಕಾಲ ಸಂದಿಯಲ್ಲಿ ಮರಿಗಳು. ಹೊಸ ಜೋಡಿಯ ಕ್ಯಾಮೆರಾ ನಿಲ್ಲಲೇ ಇಲ್ಲ. ಚಿಕ್ಕಪ್ಪ ಎದೆ ಉಬ್ಬಿಸಿಕೊಂಡು, "ಇದಕ್ಕೆ ವಿದ್ಯೆ ಬೇಕಾಗಿಲ್ಲ ಇಮೊಜೆನ್, ಬೆಟ್ಟದ ಮನಸ್ಸು ತಿಳೀಬೇಕು" ಎಂದ. ವಾರ್ಡನ್ ಬಂಡೆಯನ್ನು ನೋಡುತ್ತಿರಲಿಲ್ಲ, ಮೇಕೆಗಳು ಎಲ್ಲಿ ನೋಡುತ್ತಿವೆ ಎಂದು ನೋಡುತ್ತಿದ್ದಳು. ಅವು ದೋಣಿಯನ್ನೇ ನೋಡುತ್ತಿದ್ದವು. ಎಂಜಿನ್ನಿನ ಸದ್ದು ದೂರವಾದಂತೆ ಬಂಡೆಯ ಅಂಚಿನಲ್ಲೇ ನಮ್ಮ ಜೊತೆ ಜೊತೆ ನಡೆದು ಬಂದವು.

ಮೂಲೆ ತಿರುಗಿ ಊಟದ ಜೆಟ್ಟಿಗೆ ದೋಣಿ ಕಟ್ಟಿದೆವು. ಅಲ್ಲಿ ತಲುಪಿದ ಕೂಡಲೇ ದೋಣಿಯ ತಳದ ನೀರನ್ನು ಕೈಪಂಪಿನಿಂದ ಹೊರಗೆ ಹಾಕುವುದು ನೀನು ಕಲಿಸಿದ ಪದ್ಧತಿ, ಅದೊಂದನ್ನು ಅವನು ಬಿಟ್ಟಿಲ್ಲ. ಬಾಯಲ್ಲಿ ಗ್ರಿಜ್ಲಿ ಕರಡಿಯ ಕಥೆ, ಕೈಯಲ್ಲಿ ಪಂಪು. ಕಥೆಯ ಭರದಲ್ಲಿ ನೀರಿನ ಬಣ್ಣ ನೋಡಲಿಲ್ಲ. ಕೆಂಪಗೆ, ಇಟ್ಟಿಗೆ ತೊಳೆದ ನೀರಿನ ಹಾಗೆ, ಜೆಟ್ಟಿಯ ಹಲಗೆಗಳ ಮೇಲೆ, ಅವನ ಬೂಟಿನ ಮೇಲೆ, ಪ್ಯಾಂಟಿನ ಅಂಚಿನ ಮೇಲೆ ಎರಚಿಕೊಂಡು ಹೋಯಿತು. ನಾನು ಸ್ಯಾಂಡ್‌ವಿಚ್ಚು ಹಂಚುತ್ತಿದ್ದೆ. ಮೇಲಿನಿಂದ ಕಲ್ಲು ಉರುಳಿದ ಸದ್ದಾಯಿತು. ಎಲ್ಲಕ್ಕಿಂತ ದೊಡ್ಡ ತಾಯಿಮೇಕೆ, ಹಿಂದೆ ಮರಿ, ಬೆಟ್ಟದ ಬದಿಯಿಂದ ಇಳಿದು ನೆಟ್ಟಗೆ ಜೆಟ್ಟಿಗೆ ಬಂದಿತು. ವಾರ್ಡನ್ ಎಲ್ಲರನ್ನೂ ಮೆಲ್ಲಗೆ ಹಿಂದಕ್ಕೆ ಸರಿಸಿದಳು, ಆ ಕೊಂಬು ತಮಾಷೆಯಲ್ಲ. ಮೇಕೆ ನಮ್ಮ ಯಾರನ್ನೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಓಲ್ಗಾಳ ಕೈಯಲ್ಲಿದ್ದ ರೊಟ್ಟಿಯನ್ನು ದಾಟಿ, ನನ್ನನ್ನು ದಾಟಿ, ಲೈಲ್ ಚಿಕ್ಕಪ್ಪನ ಮುಂದೆ ನಿಂತು ಅವನ ಕೋಟಿನ ಜೇಬಿಗೆ ಮೂತಿ ಹಾಕಿತು. ಜೇಬಿನಲ್ಲಿ ಏನೂ ಸಿಗದೆ ಅವನ ಅಂಗೈ ನೆಕ್ಕಿತು. ಬೆರಳು ಬೆರಳು ಬಿಡಿಸಿ ನೆಕ್ಕಿತು ಅಪ್ಪ. ಮರಿ ಅವನ ಬೂಟು ನೆಕ್ಕುತ್ತಿತ್ತು. ಅವನು ಕೈ ಕೊಡವಿ, "ಹುಶ್, ಹೋಗು, ಹೋಗಾಚೆ" ಎಂದ. ಅದಕ್ಕೆ ಆ ಬೈಗುಳವೂ ಪರಿಚಯದ್ದೇ ಇರಬೇಕು, ಕದಲಲಿಲ್ಲ.

"ಲೈಲ್, ನಿಮಗೂ ಅದಕ್ಕೂ ಹಳೇ ಸ್ನೇಹ ಇದ್ದಂಗಿದೆ" ಎಂದಳು ವಾರ್ಡನ್. "ಇಷ್ಟು ವರ್ಷದಿಂದ ಓಡಾಡ್ತಿದ್ದೀನಲ್ಲ ಇಮೊಜೆನ್, ಅವಕ್ಕೆ ನನ್ನ ಮೇಲೆ ನಂಬಿಕೆ" ಎಂದ ಅವನು, ನಗುವುದಕ್ಕೆ ನೋಡಿದ. ಓಲ್ಗಾ ಸುಮ್ಮನಿರುವವಳೇ? "ನಮ್ಮ ಹಸುಗೂ ಹೀಗೇ ನಂಬಿಕೆ ಇತ್ತು ಕಣಪ್ಪಾ, ಉಪ್ಪಿನ ಡಬ್ಬ ಹಿಡಿದೋರ ಮೇಲೆ" ಎಂದಳು. ಅಷ್ಟು ಹೊತ್ತಿಗೆ ತಾಯಿಮೇಕೆ ಅವನನ್ನು ಬಿಟ್ಟು ಒಂದೇ ನೆಗೆತಕ್ಕೆ ದೋಣಿಯೊಳಗೆ ಇಳಿದು, ಮುಂಭಾಗದ ಪೆಟ್ಟಿಗೆಯ ಮುಚ್ಚಳವನ್ನು ಕೊಂಬಿನಿಂದ ಕುಟ್ಟತೊಡಗಿತು. ಬಾಗಿಲು ತೆಗೆಯಿರಿ ಎಂದು ಮನುಷ್ಯರು ಬಡಿಯುತ್ತಾರಲ್ಲ, ಹಾಗೆ. ವಾರ್ಡನ್ ತಟ್ಟೆ ಬಡಿದು ಗದ್ದಲ ಮಾಡಿ ಅದನ್ನು ದಡಕ್ಕೆ ಓಡಿಸಿ, ದೋಣಿಗೆ ಇಳಿದು, "ಲೈಲ್, ಮುಚ್ಚಳ ತೆಗೀರಿ" ಎಂದಳು. ಅವನು ತೆಗೆಯಲಿಲ್ಲ. ಅವಳೇ ತೆಗೆದಳು. ಚೀಲ ಹೊರಗೆ ಬಂತು, ಹರಿದ ಕಡೆಯಿಂದ ಕೆಂಪು ಉಪ್ಪು ಸುರಿಯುತ್ತಾ. ಆಗ ಅವನು ಏನು ಹೇಳಿದ ಗೊತ್ತಾ? ಒಂದು ಕ್ಷಣವೂ ತಡ ಮಾಡಲಿಲ್ಲ, ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ. "ಅದು ಆರ್ವಿಡ್‌ದು. ಹಳೇದು. ಅಣ್ಣ ಅಲ್ಲಿ ಏನೇನು ತುರುಕಿಟ್ಟು ಹೋಗಿದ್ದಾನೋ ನನಗೇನು ಗೊತ್ತು."

ಎರಡನೇ ಸಲ ಅಪ್ಪ. ಅದೇ ಬಾಯಿ, ಅದೇ ಹೆಸರು. ನನ್ನ ಕೈಯಲ್ಲಿ ಸ್ಯಾಂಡ್‌ವಿಚ್ಚಿನ ತಟ್ಟೆ ಇತ್ತು, ಅದು ಅಲುಗಲೂ ಇಲ್ಲ. ಇಷ್ಟು ವರ್ಷ ನಾನು ಕಾಯುತ್ತಿದ್ದುದು ಇದೇ ಮಾತಿಗೆ ಎಂದು ಆಗ ಗೊತ್ತಾಯಿತು. ಜೋರಾಗಿ ಹೇಳಲಿಲ್ಲ, ಬಹಳ ಮರ್ಯಾದೆಯಿಂದ ಹೇಳಿದೆ. "ಚಿಕ್ಕಪ್ಪ, ಬೆಳಗ್ಗೆ ತಾನೇ ಹೇಳಿದ್ರಲ್ಲ. ಅಪ್ಪನ ಕಾಲದ್ದು ಒಂದು ಮೊಳೆನೂ ಉಳಿಸಿಲ್ಲ, ಬುಡದಿಂದಲೇ ಶುದ್ಧ ಮಾಡಿದೀನಿ ಅಂತ. ಪೆಟ್ಟಿಗೆನೂ ನೀವೇ ಮಾಡಿದ್ದು ಅಂತ." ಹೊಸ ಜೋಡಿಯ ಹುಡುಗಿ "ಹೌದು, ವ್ಯಾನಲ್ಲಿ ಹೇಳಿದ್ರು" ಎಂದು ಪಿಸುಗುಟ್ಟಿದಳು. ಓಲ್ಗಾ "ನಂಗೂ ಕೇಳಿಸ್ತು, ನಂಗೆ ಕಿವಿ ಮಂದ" ಎಂದಳು. ಅವನ ಮುಖ ಕುದಿಸಿದ ಬೀಟ್‌ರೂಟಿನ ಹಾಗಾಯಿತು. ಆಮೇಲೆ ಬಣ್ಣ ಇಳಿಯಿತು, ಇಳಿಯುತ್ತಲೇ ಹೋಯಿತು. ನಾನು ಕಣ್ಣು ಕೀಳದೆ ನೋಡಿದೆ. ನೀನು ಜೆಟ್ಟಿಯಲ್ಲಿ ಬೆನ್ನು ಹಾಕಿ ಕೂತಿದ್ದ ದಿನ ನಿನ್ನ ಮುಖ ನನಗೆ ಕಂಡಿರಲಿಲ್ಲ. ಅವನದನ್ನು ಪೂರ್ತಿ ನೋಡಿದೆ. ಪಾಪ ಅನ್ನಿಸಲಿಲ್ಲ. ಅನ್ನಿಸುತ್ತದೇನೋ ಎಂದು ಕಾದೆ, ಇಲ್ಲ, ಅನ್ನಿಸಲಿಲ್ಲ.

ಒಂದೇ ಒಂದು ಸಲ ಮಾತ್ರ ನನ್ನ ಜೀವ ಬಾಯಿಗೆ ಬಂತು, ಅದನ್ನೂ ಬರೆಯುತ್ತೇನೆ. ವಾರ್ಡನ್ ರೇಡಿಯೊ ಕೈಗೆ ತೆಗೆದುಕೊಂಡಾಗ ತಾಯಿಮೇಕೆ ಇನ್ನೂ ದಡದಲ್ಲೇ ನಿಂತಿತ್ತು, ಮರಿ ಅದರ ಹೊಟ್ಟೆಯ ಕೆಳಗೆ ನುಗ್ಗಿ ಹಾಲು ಕುಡಿಯುತ್ತಿತ್ತು. ಮೂತಿಯೆಲ್ಲ ಕೆಂಪು. ಹರಕು ಕಿವಿಯನ್ನು ಕೊಂದ ದಿನವೂ ಮೊದಲು ಬಂದದ್ದು ಹೀಗೇ ಒಂದು ರೇಡಿಯೊ. ನಾನು ತಟ್ಟೆ ಕೆಳಗಿಟ್ಟು ಓಡಿದೆ. "ಇವಕ್ಕೇನೂ ಮಾಡಲ್ಲ ತಾನೇ? ಇವನ ತಪ್ಪಿಗೆ ಇವಕ್ಕೇನೂ ಮಾಡಲ್ಲ ತಾನೇ?" ಎಂದು ಅವಳ ತೋಳು ಹಿಡಿದೇ ಕೇಳಿದೆ. "ಇಲ್ಲ. ಬಂಡೆ ತೊಳೆಸ್ತೀವಿ, ಈ ದಡ ಮುಚ್ತೀವಿ, ಗದ್ದಲ ಮಾಡಿ ಮೇಲಕ್ಕೆ ಅಟ್ತೀವಿ. ಮೇಕೆ ಮರೀತಾವೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಆ ಕರಡಿ ದಿನ ನಾನು ಕೆಲಸಕ್ಕೆ ಹೊಸಬಳು. ಬಕೆಟ್ಟು ಎಲ್ಲಿದೆ ಅಂತ ತೋರಿಸಿದ್ದು ಯಾರು ಅಂತ ನಂಗೆ ನೆನಪಿದೆ. ಅವನಿಗೆ ಹೇಗೆ ಗೊತ್ತಿತ್ತು ಅಂತ ನಾವ್ಯಾರೂ ಕೇಳಲಿಲ್ಲ. ನಿಮ್ಮ ತಂದೆ ಎಲ್ಲಿದಾರೆ ಈಗ?" ಎಂದಳು. ಬಯಲಿನಲ್ಲಿ ಸ್ಕೂಲ್ ಬಸ್ಸು ಓಡಿಸುತ್ತಿದ್ದಾನೆ ಎಂದೆ. ಅದನ್ನು ಹೇಳಬೇಕಾಗಿ ಬಂದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ.

ವಾಪಸು ಬರುವಾಗ ವಾರ್ಡನ್ ತಾನೇ ದೋಣಿಯ ಚಕ್ರ ಹಿಡಿದಳು. ಚಿಕ್ಕಪ್ಪನಿಗೆ ಮುಂಭಾಗದಲ್ಲಿ ಜಾಗ, ಆ ಚೀಲದ ಪಕ್ಕ, ಎಲ್ಲರಿಗೂ ಕಾಣುವ ಹಾಗೆ. ಸರೋವರ ಉದ್ದವಾಗಿರುವುದಕ್ಕೆ ನಾನು ಮೊದಲ ಸಲ ದೇವರಿಗೆ ಕೈ ಮುಗಿದೆ. ಪೈ ಇನ್ನೂ ಹಂಚಿರಲಿಲ್ಲ. ಎಲ್ಲರಿಗೂ ಕೊಟ್ಟು, ದೊಡ್ಡ ತುಂಡನ್ನು ಅವನಿಗೆ ಕೊಟ್ಟೆ. "ತಗೊಳಿ ಚಿಕ್ಕಪ್ಪ, ಸಿಹಿ ತಿನ್ನಿ" ಎಂದೆ. ತೆಗೆದುಕೊಂಡ, ಎಲ್ಲರೂ ನೋಡುತ್ತಿದ್ದರಲ್ಲ, ತಿನ್ನಲೇಬೇಕಾಯಿತು. ಒಂದೊಂದು ತುತ್ತೂ ಗಂಟಲಿನಲ್ಲಿ ಇಳಿಯುವುದನ್ನು ನೋಡಿದೆ. ಜೆಟ್ಟಿ ಹತ್ತಿರ ಬಂದಾಗ ನನಗೆ ಮಾತ್ರ ಕೇಳುವ ಹಾಗೆ "ನೀನು ನಿಮ್ಮಪ್ಪನ ಥರ ಅಲ್ಲ ಕಣೆ" ಎಂದ. "ಅಲ್ಲ. ನಾನು ನಿಮ್ಮಮ್ಮನ ಥರ" ಎಂದೆ. ಪಕ್ಕದ ಮನೆಯವರು ಕೋಳಿ ಹಿಡಿದರೆಂದು ಸಾಯುವ ತನಕ ಆ ಕಡೆಯ ಕಿಟಕಿ ತೆಗೆಯದೇ ಇದ್ದವರು ಅಜ್ಜಿ, ನೆನಪಿದೆಯಲ್ಲ. ನೀನು ಅವರ ಒಳ್ಳೆಯತನ ತೆಗೆದುಕೊಂಡೆ, ಉಳಿದದ್ದು ನನಗೆ ಬಂತು.

ಇವತ್ತು ಬೆಳಗ್ಗೆ ದೋಣಿಮನೆಯ ಬಾಗಿಲಿಗೆ ಉದ್ಯಾನದವರ ಬೀಗ ಬಿದ್ದಿದೆ. ಅವನ ‘ಕಂಡೇ ಕಾಣುತ್ತೀರಿ’ ಬೋರ್ಡಿನ ಮೇಲೆ ಟಾರ್ಪಾಲು ಹೊದಿಸಿದ್ದಾರೆ. ಚರ್ಚಿನಲ್ಲಿ ಅವನು ಕಾಣಲಿಲ್ಲ. ಬೇಕರಿಗೆ ಬಂದವರೆಲ್ಲ ಒಂದು ಬನ್ನು ತೆಗೆದುಕೊಂಡು ಒಂದು ಗಂಟೆ ನಿಂತರು. ಹಾರ್ಡ್‌ವೇರ್ ಅಂಗಡಿಯ ಓರ್ವಿಲ್, ನಿನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದವನು, "ಆರ್ವಿಡ್ ಹೇಗಿದ್ದಾನೆ?" ಎಂದು ಕೇಳಿದ. ನೀವೇ ಬರೆದು ಕೇಳಿ ಎಂದೆ, ವಿಳಾಸ ಕೊಡಲಿಲ್ಲ. ಅವನಿಗೂ ಸ್ವಲ್ಪ ದಿನ ಒದ್ದಾಟ ಇರಲಿ. ವಾರ್ಡನ್‌ಗೆ ಮಾತ್ರ ಕೊಟ್ಟಿದ್ದೇನೆ. ಅವಳಿಂದ ಕಾಗದ ಬರುತ್ತದೆ, ಒಡೆಯದೆ ಡ್ರಾಯರಿಗೆ ಹಾಕಬೇಡ. ಓಲ್ಗಾ ಊರಿಗೆ ಹೋಗುವ ದಾರಿಯಲ್ಲಿ ನಿನ್ನನ್ನು ನೋಡಿಕೊಂಡು ಹೋಗುತ್ತೇನೆ ಎಂದಿದ್ದಾಳೆ, ಮನೆ ಗುಡಿಸಿಡು. ಮಂಡಿಗೆ ಎಣ್ಣೆ ಹಚ್ಚು, ಮಾತ್ರೆ ತಪ್ಪಿಸಬೇಡ, ನಿನ್ನ ಬಸ್ಸಿನ ಮಕ್ಕಳಿಗೆಲ್ಲ ನನ್ನ ಪ್ರೀತಿ ಹೇಳು.

ನಿನ್ನ ಮುಂಗೋಪಿ ಮಗಳು,
ಸಿಗ್ಗಿ

ಮರೆತ ಮಾತು: ಸೋಮವಾರ ಬೆಳಗ್ಗೆ, ಅಂಚೆ ಕಚೇರಿಗೆ ಓಡುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಇದರ ಜೊತೆ ನಿನ್ನ ಮಡಚುವ ಚಾಕು ಇದೆ. ತೊಳೆದಿಲ್ಲ, ಬಿಚ್ಚಿ ನೋಡು, ಮಡಿಕೆಯಲ್ಲಿ ಕೆಂಪು ಉಪ್ಪು ಕಾಣುತ್ತದೆ. ಮೇಲೆ ಇಲಿ ಎಂದು ಬರೆದದ್ದು ಸುಳ್ಳು, ನಿನ್ನ ಹತ್ತಿರ ಸುಳ್ಳು ಇಟ್ಟುಕೊಂಡು ನನಗೆ ನಿದ್ದೆ ಬರುವುದಿಲ್ಲ. ಅವನು ‘ಏ, ಏ’ ಎಂದು ಕೂಗುವ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು. ವಾರ್ಡನ್‌ಗೂ ಶನಿವಾರ ಸಂಜೆಯೇ ಹೋಗಿ ಹೇಳಿದೆ. ಒಂದು ಮರಿಮೇಕೆ ನನ್ನಿಂದಾಗಿ ಉಪ್ಪು ನೆಕ್ಕಿತು, ಅದನ್ನು ನೀನು ಕ್ಷಮಿಸುವುದಿಲ್ಲ ಎಂದು ಗೊತ್ತು, ಬೈಯುತ್ತೀಯ, ಬೈ. ಆದರೆ ಬರೆದು ಕಳಿಸಿದ ಬೈಗುಳ ನಾನು ಓದುವುದಿಲ್ಲ. ಇಲ್ಲಿಗೆ ಬಂದು ಜೆಟ್ಟಿಯ ಮೇಲೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಬೈ. ಆ ಚಾಕು ನನಗೆ ದಿನಾ ಬೇಕು. ಅಂಚೆಯಲ್ಲಿ ಕಳಿಸಬೇಡ, ಕೈಯಲ್ಲೇ ತಂದುಕೊಡು.